ಕಾಲ್ಪನಿಕ ದೇಶದ ಸೇನೆಗೆ ಯಾವ ಟ್ಯಾಂಕ್? ಮೊದಲು ಸೇತುವೆ ತೋರಿಸಿ

ನೀವು ಕಲ್ಪಿಸಿಕೊಂಡಿದ್ದು ಬೆಟ್ಟಗಾಡಿನ ದೇಶ, ನಡುವೆ ದೊಡ್ಡ ನದಿ, 80 ಲಕ್ಷ ಜನ. ಲೆಪರ್ಡ್ 2ಎ7, ಟಿ-90, ಅರ್ಜುನ್ ಎಂಬ ಮೂರು ಟ್ಯಾಂಕ್, ಜತೆಗೆ ಸೈನಿಕರನ್ನು ಒಯ್ಯುವ ಕವಚದ ಗಾಡಿಗಳಾದ ಬಿಎಂಪಿ-2, ಸ್ಟ್ರೈಕರ್ ಎಲ್ಲವನ್ನೂ ಪಟ್ಟಿಗೆ ಹಾಕಿಕೊಂಡು, ಮುಖ್ಯ ಟ್ಯಾಂಕ್ ಯಾವುದಿರಲಿ ಅಂತ ಕೇಳಿದ್ದೀರಿ. ಯುದ್ಧದಾಟಕ್ಕೆಂದು ನಾನು ಕಟ್ಟಿದ ಸೋಮಗಿರಿ ದೇಶದ ಪಟ್ಟಿಯೂ ಡಿಟ್ಟೋ ಹೀಗೇ ಇತ್ತು. ಅದನ್ನು ಮುಳುಗಿಸಿದ್ದು ತೂಕ.

ರಾಜಧಾನಿ ನದಿಯ ಈಚೆ, ಗಡಿ ಆಚೆ. ಸೇನೆಗೆ 66 ಟನ್ ಆಸುಪಾಸಿನ ಲೆಪರ್ಡ್ ಕೊಟ್ಟಿದ್ದೆ. ನಕ್ಷೆಯಲ್ಲಿ ಸೇತುವೆಯ ಪಕ್ಕ 40 ಅಂತ ಬರೆದವನೂ ನಾನೇ. ಸೇತುವೆ ದಾಟಲಾಗದೆ ಈಚೆಯೇ ನಿಂತ ಟ್ಯಾಂಕುಗಳ ಮೇಲೆ ಎದುರಾಳಿ ಒಂದು ಗುಂಡನ್ನೂ ಖರ್ಚು ಮಾಡಲಿಲ್ಲ. ಆಚೆ ದಡದಲ್ಲಿ 14 ಟನ್ನಿನ ಬಿಎಂಪಿಗಳಷ್ಟೇ ಕಾದಾಡಿ ಮುಗಿದವು.

ಆ 40 ಅಂದರೆ ಏನು ಅನ್ನುವುದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ನಿಮ್ಮ ಪಟ್ಟಿಯಲ್ಲಿ ಅದರ ಸುಳಿವೇ ಇಲ್ಲ. ಸೇನೆಗಳು ಸೇತುವೆಗೂ ವಾಹನಕ್ಕೂ ಭಾರದ ದರ್ಜೆ ಕೊಡುತ್ತವೆ, ಎಂಎಲ್‌ಸಿ ಅಂತ (ನಮ್ಮ ವಿಧಾನಸೌಧದವರಲ್ಲ). ಜರ್ಮನಿಯ ಹಳೆಯ ಸೇತುವೆಗಳ ಬಳಿ ಹಳದಿ ದುಂಡು ಫಲಕದಲ್ಲಿ ಕಪ್ಪು ಅಂಕಿ ಇರುತ್ತದಲ್ಲ, ಅದೇ. ಟ್ರ್ಯಾಕ್ ವಾಹನಕ್ಕೆ (ಟ್ಯಾಂಕಿನಂತೆ ಉಕ್ಕಿನ ಪಟ್ಟಿಯ ಮೇಲೆ ಓಡುವ ಗಾಡಿಗೆ) ಈ ಅಂಕಿ ಮೆಟ್ರಿಕ್ ಟನ್ನಿಗಿಂತ ಸ್ವಲ್ಪ ಜಾಸ್ತಿ ಬರುತ್ತದೆ: 55 ಟನ್ನಿನ ಲೆಪರ್ಡ್ 2ಎ4ಗೆ 60. ಹಾಗಾಗಿ 46.5 ಟನ್ನಿನ ಟಿ-90 ಕೂಡ 40ರ ಸೇತುವೆ ಮೇಲೆ ಹೋಗುವಂತಿಲ್ಲ, 50ರ ಆಸುಪಾಸಾದರೂ ಬೇಕು. ದರ್ಜೆಗಿಂತ ಸ್ವಲ್ಪ ಭಾರದ ಗಾಡಿಯನ್ನು ಎಂಜಿನಿಯರುಗಳ ಅನುಮತಿಯ ಮೇಲೆ ದಾಟಿಸುವುದುಂಟು. ಆಗ ಸೇತುವೆ ಮೇಲೆ ಒಂದೇ ಗಾಡಿ, ನಟ್ಟನಡುವೆ, ನಿಧಾನಕ್ಕೆ, ಬ್ರೇಕ್ ಒತ್ತದೆ, ಗೇರ್ ಬದಲಿಸದೆ. ಹಾಗಂತ 40ರ ಸೇತುವೆಗೆ 66 ಟನ್ ಹತ್ತಿಸುವ ಅನುಮತಿಯನ್ನು ಯಾವ ಎಂಜಿನಿಯರೂ ಕೊಡುವುದಿಲ್ಲ.

ಇಲ್ಲಿ ಎಲ್ಲರೂ ತರುವ ತಕರಾರು: ‘ಟ್ರ್ಯಾಕ್ ಅಗಲ ಮಾಡಿದರೆ ಆಯ್ತಲ್ಲ?’ ಕೆಸರಿಗೆ ಆಯ್ತು. ಸೋವಿಯತ್ ಕಾಲದ ಟಿ-72 ಟ್ಯಾಂಕಿನ ಟ್ರ್ಯಾಕ್ 580 ಮಿಮೀ, ಲೆಪರ್ಡ್ 2ರದ್ದು 635 ಮಿಮೀ. ಹೀಗಾಗಿ ಲೆಪರ್ಡ್ ಎಷ್ಟೋ ಟನ್ ಭಾರವಿದ್ದರೂ ಎರಡರ ನೆಲದೊತ್ತಡವೂ ಚದರ ಸೆಂಟಿಮೀಟರಿಗೆ ಸುಮಾರು 0.83 ಕೆಜಿ. ಗದ್ದೆಗೆ ಲೆಕ್ಕ ಒತ್ತಡದ್ದು, ಸೇತುವೆಯ ತೊಲೆಗೆ ಲೆಕ್ಕ ಒಟ್ಟು ತೂಕದ್ದು. ಟ್ರ್ಯಾಕ್ ಅಗಲ ಮಾಡಿದಷ್ಟೂ ಗಾಡಿಯೂ ಅಗಲವಾಗಿ ರೈಲಿನಲ್ಲಿ ಸಿಕ್ಕಿಬೀಳುತ್ತೀರಿ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಟೈಗರ್ 1 ಟ್ಯಾಂಕನ್ನು ವ್ಯಾಗನ್ ಮೇಲೆ ಒಯ್ಯಬೇಕಾದರೆ 725 ಮಿಮೀ ಟ್ರ್ಯಾಕ್ ಕಳಚಿ, ಹೊರಸಾಲಿನ ಚಕ್ರ ಬಿಚ್ಚಿ, 520 ಮಿಮೀ ಟ್ರ್ಯಾಕ್ ತೊಡಿಸಬೇಕಿತ್ತು. ಇಳಿದ ಮೇಲೆ ಅಷ್ಟೂ ಕೆಲಸ ಉಲ್ಟಾ. ನಿಮ್ಮ ದೇಶದ್ದು ಮೀಟರ್ ಗೇಜ್ ಅಂದಿದ್ದೀರಿ. 3.8 ಮೀಟರಿಗೂ ಹೆಚ್ಚು ಅಗಲದ ಅರ್ಜುನ್ ಅನ್ನು ಅದರ ಮೇಲೆ ಸಾಗಿಸುವ ಮಾತನ್ನೇ ಬಿಡಿ.

ಸೇತುವೆ ಹಾಸುವ ಗಾಡಿ ಕೊಡುತ್ತೇನೆ ಅನ್ನಬಹುದು. ಕೊಡಿ, ಆದರೆ ಅಳತೆ ನೋಡಿಕೊಂಡು ಕೊಡಿ. ನಮ್ಮ ಸೇನೆಯ ಸರ್ವತ್ರ ಎಂಬ ಸೇತುವೆ ವ್ಯವಸ್ಥೆಯಲ್ಲಿ ಟಾಟ್ರಾ ಲಾರಿಯೊಂದು ಕತ್ತರಿಯಂತೆ ಬಿಚ್ಚಿಕೊಳ್ಳುವ 15 ಮೀಟರಿನ ಒಂದು ತುಂಡು ಹಾಸುತ್ತದೆ. ಐದು ಲಾರಿ ಸೇರಿದರೆ 75 ಮೀಟರ್, ದರ್ಜೆ 70. ಹಳ್ಳಕ್ಕೆ, ಕಾಲುವೆಗೆ ಬೇಕಾದಷ್ಟಾಯಿತು. 300 ಮೀಟರಿನ ನಿಮ್ಮ ನದಿಗೆ ತೇಲುಸೇತುವೆಯೇ ಬೇಕು, ಅದನ್ನು ಕಾಯಲು ವಿಮಾನ ಹೊಡೆಯುವ ತೋಪೂ ಬೇಕು. ಎರಡನೇ ಮಹಾಯುದ್ಧದಲ್ಲಿ 188 ಟನ್ನಿನ ಮೌಸ್ ಎಂಬ ಟ್ಯಾಂಕ್ ಮಾಡಿದ ಜರ್ಮನ್ನರು ಸೇತುವೆಯ ಆಸೆಯನ್ನೇ ಬಿಟ್ಟಿದ್ದರು. ಅದು ವಿದ್ಯುತ್ ಮೋಟಾರಿನಿಂದ ಓಡುವ ಗಾಡಿ. ದಡದಲ್ಲಿ ನಿಂತ ಇನ್ನೊಂದು ಮೌಸ್ ಕೇಬಲ್ಲಿನಲ್ಲಿ ಕರೆಂಟು ಕೊಡುವುದು, ಇದು ನದಿಯ ತಳದಲ್ಲಿ ತೆವಳುವುದು, ಇದು ಅವರ ಯೋಜನೆ.

ಕೆಟ್ಟು ನಿಂತ ಟ್ಯಾಂಕನ್ನು ಎಳೆಯುವವರು ಯಾರು? ಹೊಟ್ಟೆಯವರೆಗೆ ಹೂತ ಟ್ಯಾಂಕಿಗೆ ಅದರ ತೂಕಕ್ಕಿಂತ ಜಾಸ್ತಿ ಎಳೆತ ಬೇಕಾಗಬಹುದು, ಅದಕ್ಕೇ ವಿಂಚಿನ ಹಗ್ಗವನ್ನು ರಾಟೆಗೆ ಹಾಕಿ ಬಲ ದುಪ್ಪಟ್ಟು ಮಾಡುತ್ತಾರೆ. ಟಿ-72 ಚಾಸಿ ಮೇಲೆ ಪೋಲೆಂಡಿನವರು ರೂಪಿಸಿದ ಡಬ್ಲ್ಯುಜೆಡ್‌ಟಿ-3 ರಿಕವರಿ ಗಾಡಿಯನ್ನು (ಕೆಟ್ಟ ಟ್ಯಾಂಕ್ ಎಳೆದು ತರುವ ಗಾಡಿ) ಭಾರತದಲ್ಲಿ ತಯಾರಿಸಿದ್ದು ಬೆಮೆಲ್. ಟಿ-72, ಟಿ-90 ಎರಡರ ಜತೆಗೂ ಅದು ಹೊಂದುತ್ತದೆ. ಅರ್ಜುನ್‌ಗೆ ಅರ್ಜುನ್ ಚಾಸಿಯದ್ದೇ ಬೇರೆ ಗಾಡಿ ಮಾಡಬೇಕಾಯಿತು. ನಿಮ್ಮ ಪಟ್ಟಿಯಲ್ಲಿ ಮೂರು ಟ್ಯಾಂಕಿದೆ, ರಿಕವರಿ ಗಾಡಿ ಸೊನ್ನೆ.

ಡೀಸೆಲ್ ಲೆಕ್ಕ ಸುಲಭ. ಭಾರತದ ಒಂದು ಟ್ಯಾಂಕ್ ರೆಜಿಮೆಂಟಿನಲ್ಲಿ 45 ಟ್ಯಾಂಕ್: 14ರ ಮೂರು ಸ್ಕ್ವಾಡ್ರನ್, ಮುಖ್ಯಾಲಯಕ್ಕೆ 3. ಒಂದಕ್ಕೆ 1,200 ಲೀಟರ್ ಅಂದುಕೊಂಡರೂ ಒಮ್ಮೆ ತುಂಬಿಸಲು 54,000 ಲೀಟರ್, ಅಂದರೆ 10,000 ಲೀಟರಿನ 6 ಟ್ಯಾಂಕರ್. ಅಮೆರಿಕದ ಏಬ್ರಮ್ಸ್‌ಗೆ ಸುಮಾರು 1,900 ಲೀಟರ್ ಹಿಡಿಸುತ್ತದೆ, ಆಗ 9 ಟ್ಯಾಂಕರ್.

ನನ್ನನ್ನು ಕೇಳಿದರೆ ಲೆಪರ್ಡ್, ಅರ್ಜುನ್ ಎರಡನ್ನೂ ಹೊಡೆದುಹಾಕಿ. ‘ಯಾವುದು ಅತ್ಯುತ್ತಮ’ ಅನ್ನುವ ಪ್ರಶ್ನೆಯೇ ಇಲ್ಲಿ ಹೊಂದುವುದಿಲ್ಲ. ಹೆದ್ದಾರಿಯ ಎರಡು ಸೇತುವೆಗಳನ್ನು 60ಕ್ಕೆ ಏರಿಸಿ, ಟಿ-90ರ ಒಂದೇ ರೆಜಿಮೆಂಟ್ ಇಡಿ, ಗಡಿಯ ಮೇಲ್ಬೆಟ್ಟಕ್ಕೆ 25 ಟನ್ ಆಸುಪಾಸಿನ ಹಗುರ ಟ್ಯಾಂಕ್ ಕೊಡಿ. 2020ರಲ್ಲಿ ಲಡಾಖಿಗೆ ಟಿ-72, ಟಿ-90ಗಳನ್ನೇ ಹತ್ತಿಸಿದ್ದ ಭಾರತ ಆಮೇಲೆ ಜೊರಾವರ್ ಎಂಬ ಹಗುರ ಟ್ಯಾಂಕ್ ಮಾಡಹೊರಟಿದ್ದು ಸುಮ್ಮನೆ ಅಲ್ಲ. ಗಾಳಿ ತೆಳುವಾದಲ್ಲಿ ಎಂಜಿನ್ನಿನ ಶಕ್ತಿ ಕುಸಿಯುತ್ತದೆ, ಟ್ಯಾಂಕಿನ ತೂಕ ಇದ್ದಷ್ಟೇ ಇರುತ್ತದೆ.

ಬಿಎಂಪಿ-2, ಸ್ಟ್ರೈಕರ್ ಎರಡಕ್ಕೂ 30 ಮಿಮೀ ತೋಪು ಹಾಕಿ ಮದ್ದುಗುಂಡು ಒಂದೇ ಸಾಕು ಅಂತ ಬರೆದಿದ್ದೀರಿ. ಸಾಲದು. ಬಿಎಂಪಿಯ ಗುಂಡಿನ ಕೋಶ 165 ಮಿಮೀ ಉದ್ದ, ಸ್ಟ್ರೈಕರಿಗೆ ಅಮೆರಿಕನ್ನರು ಹಾಕಿದ 30 ಮಿಮೀ ತೋಪಿನದ್ದು 173 ಮಿಮೀ. ಒಂದರದ್ದು ಇನ್ನೊಂದರಲ್ಲಿ ಕೂರುವುದಿಲ್ಲ. ಎರಡನ್ನೂ ಇಟ್ಟುಕೊಳ್ಳುವುದೇ ಆದರೆ ಪೆಟ್ಟಿಗೆಗಳಿಗೆ ಬೇರೆಬೇರೆ ಬಣ್ಣದ ಪಟ್ಟಿ ಬಳಿಸಿ, ಬೇರೆ ಲಾರಿಗಳಲ್ಲಿ ಕಳಿಸಿ.