ಯೋನನನ್ನೂ ಅಮಾಲೇಕ್ಯರನ್ನೂ ಬಿಡಬೇಡಿ

ಪ್ರಿಯ ಬರಹಗಾರರೇ,

ದೇವರ ಸ್ವಭಾವ ಮತ್ತು ಕ್ರೈಸ್ತರ ಓದಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವಂತೆ ಪ್ರಕಟಿಸಲು ಆಗುವುದಿಲ್ಲ. ಕೈಬಿಡುವ ಮನಸ್ಸೂ ಇಲ್ಲ. ಅದಕ್ಕೇ ಈ ಪತ್ರ.

ನಿಮ್ಮ ವಾದ ಇಷ್ಟು: ದೇವರು ಕೋಪಿಷ್ಠ ಎಂದು ನಂಬಿದವರಿಗೆ ಸತ್ಯವೇದದ (ಬೈಬಲಿನ) ತುಂಬಾ ಶಿಕ್ಷೆಯೇ ಕಾಣುತ್ತದೆ, ದಯಾಳು ಎಂದು ನಂಬಿದವರಿಗೆ ಕ್ಷಮೆ ಕಾಣುತ್ತದೆ. ಒಪ್ಪುತ್ತೇನೆ. ಮತ್ತಾಯ 25ರಲ್ಲಿ ಯೇಸು ಹೇಳುವ ತಲಾಂತಿನ, ಅಂದರೆ ಹಣದ, ಸಾಮ್ಯಕಥೆಯನ್ನು ಚೆನ್ನಾಗಿ ಬಳಸಿದ್ದೀರಿ. ಯಜಮಾನ ಕಠಿಣ ಮನುಷ್ಯ ಎಂದು ಮೊದಲೇ ತೀರ್ಮಾನಿಸಿದ ಆಳು ಹೆದರಿ ಅವನು ಒಪ್ಪಿಸಿಹೋದ ದುಡ್ಡನ್ನು ಹೂತಿಟ್ಟ. ಅದೇ ಯಜಮಾನನ ಕೈಕೆಳಗಿದ್ದ ಇನ್ನಿಬ್ಬರು ವ್ಯಾಪಾರ ಮಾಡಿದರು. ಈ ಪ್ಯಾರಾ ಮುಟ್ಟಬೇಡಿ.

ತೊಂದರೆ ಶುರುವಾಗುವುದು ಅಲ್ಲಿಂದ ಮುಂದೆ. 'ಭಯದ ದೇವರನ್ನು ನಂಬುವವರು ಅಜ್ಞಾನಿಗಳು' ಎಂದು ಬರೆದುಬಿಟ್ಟಿದ್ದೀರಿ. ಯಾರವರು? ಆ ಭಯವನ್ನು ಅವರಿಗೆ ಕಲಿಸಿದ್ದು ಯಾರು? ಸುಮ್ನೆ 'ಕೆಲವರು', 'ಹಲವರು' ಅಂದರೆ ಓದುಗರು ನಂಬುವುದಿಲ್ಲ. ಒಬ್ಬರನ್ನಾದರೂ ಹತ್ತಿರದಿಂದ ತೋರಿಸಿ.

ಅಮೆರಿಕದ ಕಪ್ಪುವರ್ಣೀಯ ದೈವಶಾಸ್ತ್ರಜ್ಞ ಹೊವರ್ಡ್ ಥರ್ಮನ್ 1949ರಲ್ಲಿ ತಮ್ಮ ಅಜ್ಜಿಯ ಬಗ್ಗೆ ಬರೆದದ್ದನ್ನು ನೋಡಿ. ಅಜ್ಜಿ ಗುಲಾಮಗಿರಿಯಲ್ಲಿ ಹುಟ್ಟಿದವರು, ಓದು ಬಾರದು. ಸತ್ಯವೇದ ಓದಿ ಹೇಳುವುದು ಮೊಮ್ಮಗನ ಕೆಲಸ. ಕೀರ್ತನೆ, ಯೆಶಾಯ, ಸುವಾರ್ತೆ ಎಲ್ಲ ಬೇಕು. ಯೇಸುವಿನ ಅಪೊಸ್ತಲ ಪೌಲ ಸಭೆಗಳಿಗೆ ಬರೆದ ಪತ್ರಗಳು ಮಾತ್ರ ಬೇಡ. ಆಗೊಮ್ಮೆ ಈಗೊಮ್ಮೆ ಅವನದೇ ಒಂದನೇ ಕೊರಿಂಥದ 13ನೇ ಅಧ್ಯಾಯ, ಪ್ರೀತಿಯ ಕುರಿತದ್ದು, ಅಷ್ಟೇ. ಕಾರಣ ಕೇಳಿದಾಗ ಹೇಳಿದರು: ಧಣಿ ಕರೆಸುತ್ತಿದ್ದ ಬಿಳಿಯ ಪಾದ್ರಿ ವರ್ಷಕ್ಕೆ ಮೂರು ನಾಲ್ಕು ಸಲವಾದರೂ 'ದಾಸರೇ, ಯಜಮಾನರಿಗೆ ವಿಧೇಯರಾಗಿರಿ' ಎಂಬ ಪೌಲನ ಮಾತಿನ ಮೇಲೇ ಬೋಧಿಸುತ್ತಿದ್ದ. ಅಪರೂಪಕ್ಕೆ ಬರುತ್ತಿದ್ದ ಗುಲಾಮ ಬೋಧಕನೊಬ್ಬ 'ನೀವು ಗುಲಾಮರಲ್ಲ, ದೇವರ ಮಕ್ಕಳು' ಎನ್ನುತ್ತಿದ್ದ. ಅಜ್ಜಿ ಆ ದೇವರನ್ನು ಹಿಡಿದುಕೊಂಡರು. ಯಾವ ಪುಟ ಕೇಳಬೇಕು, ಯಾವುದು ಬೇಡ ಎನ್ನುವುದು ಅಲ್ಲೇ ತೀರ್ಮಾನವಾಯಿತು. ಇವರನ್ನು ಅಜ್ಞಾನಿ ಅನ್ನಲು ನಿಮಗೆ ಬಾಯಿ ಬರುತ್ತದಾ?

ಇಲ್ಲೊಂದು ಕಷ್ಟವಿದೆ. ಎರಡನೇ ಶತಮಾನದ ಕ್ರೈಸ್ತ ಬೋಧಕ ಮಾರ್ಸಿಯನ್ ಕೂಡ ಬೇಡದ್ದನ್ನು ತೆಗೆದುಹಾಕಿದವನೇ. ಹಳೆಯ ಒಡಂಬಡಿಕೆಯ, ಅಂದರೆ ಸತ್ಯವೇದದ ಮೊದಲ ಭಾಗದ, ದೇವರು ಯೇಸುವಿನ ತಂದೆಯಲ್ಲ ಎಂದ. ಇಡೀ ಹಳೆಯ ಒಡಂಬಡಿಕೆಯನ್ನೇ ಬಿಟ್ಟ. ಕ್ರಿ.ಶ. 144ರ ಸುಮಾರಿಗೆ ರೋಮಿನ ಕ್ರೈಸ್ತ ಸಭೆ ಅವನನ್ನು ಹೊರಹಾಕಿತು. ಅಜ್ಜಿಗೂ ಅವನಿಗೂ ಏನು ವ್ಯತ್ಯಾಸ ಅಂತ ಓದುಗರು ಕೇಳಿಯೇ ಕೇಳುತ್ತಾರೆ. ನನ್ನ ಪ್ರಕಾರ ದೊಡ್ಡ ವ್ಯತ್ಯಾಸವಿದೆ. ಅಜ್ಜಿ ತನಗಾದ ಗಾಯದಿಂದ ದೂರ ನಿಂತರು, ಮಾರ್ಸಿಯನ್ ಎಲ್ಲರಿಗೂ ಹೊಸ ಗ್ರಂಥವನ್ನೇ ಕಟ್ಟಿಕೊಟ್ಟ. ನಿಮಗೆ ಬೇರೆ ಉತ್ತರ ತೋಚಿದರೆ ಅದನ್ನೇ ಬರೆಯಿರಿ.

ನಿನೆವೆ ಪಟ್ಟಣಕ್ಕೆ ಹೋಗಿ ಸಾರು ಎಂದು ದೇವರು ಹೇಳಿದಾಗ ಓಡಿಹೋದ ಪ್ರವಾದಿ ಯೋನನಂತೂ ನಿಮ್ಮ ವಾದಕ್ಕೆ ಒಗ್ಗುವುದೇ ಇಲ್ಲ. ದೇವರು ಕನಿಕರವುಳ್ಳವನು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಯೋನನ ಪುಸ್ತಕದ 4ನೇ ಅಧ್ಯಾಯದಲ್ಲಿ ಅವನೇ ಹೇಳುತ್ತಾನೆ, ಅದಕ್ಕೇ ಓಡಿಹೋದೆ ಅಂತ. ನಿನೆವೆಯವರಿಗೆ ಕ್ಷಮೆ ಸಿಗುವುದು ಅವನಿಗೆ ಬೇಕಿರಲಿಲ್ಲ. ದೇವರ ಬಗ್ಗೆ ಸರಿಯಾಗಿ ತಿಳಿದವನೇ ಹೀಗೆ ಮಾಡಿದರೆ, 'ಒಳ್ಳೆಯ ದೇವರನ್ನು ನಂಬಿದರೆ ಸಾಕು' ಎಂಬ ನಿಮ್ಮ ಮಾತು ನಿಲ್ಲುತ್ತದಾ?

ಕೊನೆಯದಾಗಿ, ಒಂದನೇ ಸಮುವೇಲ 15. ಇಸ್ರಾಯೇಲ್ಯರ ಶತ್ರುಗಳಾದ ಅಮಾಲೇಕ್ಯರ ಕೂಸುಗಳನ್ನೂ ಕೊಲ್ಲಬೇಕೆಂಬ ದೇವರ ಆಜ್ಞೆಯನ್ನು 'ಅದು ಆ ಕಾಲದ ಮಾತು' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ದಯಾಳು ದೇವರನ್ನು ನಂಬುವ ನೀವು ಆ ವಚನವನ್ನು ಹೇಗೆ ಓದುತ್ತೀರಿ? ಉತ್ತರ ಇನ್ನೂ ಸಿಕ್ಕಿಲ್ಲ ಅಂದರೆ ಹಾಗೆಂದೇ ಬರೆಯಿರಿ. ಶುರುವಿನ ಗಾದೆಗಳನ್ನೆಲ್ಲ ತೆಗೆದು ಇದಕ್ಕೆ ಜಾಸ್ತಿ ಜಾಗ ಕೊಡಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ.