ಡಬಲ್ ಕ್ಲಿಕ್ ಮಾಡಿದರೆ ಪುಟ ತೆರೆಯುತ್ತದೆ, ಮತ್ತೆ ಲೋಕಲ್ ಸರ್ವರ್ ಯಾಕೆ?

ಎಚ್‌ಟಿಎಂಎಲ್, ಸಿಎಸ್‌ಎಸ್, ಸ್ವಲ್ಪ ಜಾವಾಸ್ಕ್ರಿಪ್ಟ್ ಕಲಿತಿದ್ದೀರಿ. ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಪುಟ ಬರುತ್ತಿದೆ. ಆದರೂ ಒಬ್ಬರು ಜ್ಯಾಂಪ್ (ಸರ್ವರ್, ಪಿಎಚ್‌ಪಿ, ಡೇಟಾಬೇಸ್ ಒಟ್ಟಿಗೆ ಬರುವ ಪ್ಯಾಕೇಜ್) ಹಾಕಿ ಅಂತಾರೆ, ಇನ್ನೊಬ್ಬರು ನೋಡ್ (ಬ್ರೌಸರಿನ ಹೊರಗೂ ಜಾವಾಸ್ಕ್ರಿಪ್ಟ್ ಓಡಿಸುವ ಸಾಫ್ಟ್‌ವೇರ್) ಹಾಕಿ ಅಂತಾರೆ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಇರುವುದು 4 ಜಿಬಿ ರ‍್ಯಾಮ್. ಇಷ್ಟು ತಾನೇ ನಿಮ್ಮ ಪ್ರಶ್ನೆ? ಸದ್ಯಕ್ಕೆ ಅವೆರಡೂ ಬೇಡ. ಆದರೆ ಸರ್ವರ್ ಬೇಕು. ಸರ್ವರ್ ಅಂದ ತಕ್ಷಣ ದೊಡ್ಡ ಯಂತ್ರ ಅಂದುಕೊಳ್ಳಬೇಡಿ. ಬ್ರೌಸರ್ ಕೇಳಿದ ಫೈಲನ್ನು ತೆಗೆದುಕೊಡುವ ಪುಟ್ಟ ಪ್ರೋಗ್ರಾಂ, ಅಷ್ಟೇ.

ಡಬಲ್ ಕ್ಲಿಕ್ ಮಾಡಿದಾಗ ಮೇಲೆ ವಿಳಾಸ ನೋಡಿ. ಅದು ಎಚ್‌ಟಿಟಿಪಿ ಅಂತಲ್ಲ, ಫೈಲ್ ಅಂತ ಶುರುವಾಗುತ್ತದೆ. ಅಂಥ ಪುಟವನ್ನು ಬ್ರೌಸರ್ ನಂಬುವುದಿಲ್ಲ. ಅದೇ ಫೋಲ್ಡರಿನಲ್ಲಿ ಪಕ್ಕದಲ್ಲೇ ಇರುವ ಜೇಸನ್ ಫೈಲನ್ನು, ಅಂದರೆ ಡೇಟಾ ಇಟ್ಟ ಫೈಲನ್ನು, ಜಾವಾಸ್ಕ್ರಿಪ್ಟಿನಿಂದ ಫೆಚ್ ಮಾಡಲು (ತರಿಸಿಕೊಳ್ಳಲು) ಹೋಗಿ, ಕ್ರೋಮ್ ಬಿಡುವುದಿಲ್ಲ. ಕನ್ಸೋಲಿನಲ್ಲಿ ಕೆಂಪಕ್ಷರದಲ್ಲಿ ‘ಒರಿಜಿನ್ ನಲ್’ (ಪುಟ ಎಲ್ಲಿಂದ ಬಂತೋ ಗೊತ್ತಿಲ್ಲ) ಅಂತ ಬೈದು, ಒಂದು ಕಡೆಯ ಪುಟ ಇನ್ನೊಂದು ಕಡೆಯ ಫೈಲನ್ನು ಯಾವಾಗ ಓದಬಹುದು ಅನ್ನುವ ಕಾರ್ಸ್ ನಿಯಮ ಹೇಳುತ್ತದೆ. ಜಾವಾಸ್ಕ್ರಿಪ್ಟನ್ನು ಮಾಡ್ಯೂಲ್ ಆಗಿ, ಅಂದರೆ ಒಂದನ್ನೊಂದು ಇಂಪೋರ್ಟ್ ಮಾಡುವ ಬಿಡಿ ಫೈಲುಗಳಾಗಿ, ಬರೆದರೂ ಇದೇ ಕಥೆ. ಇದರಲ್ಲಿ ಬ್ರೌಸರಿನ ತಪ್ಪೇನಿಲ್ಲ. ಯಾರೋ ಕಳಿಸಿದ ಎಚ್‌ಟಿಎಂಎಲ್ ಫೈಲನ್ನು ನೀವು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ತೆರೆಯುತ್ತೀರಿ. ಅದು ಅಲ್ಲೇ ಇರುವ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟನ್ನು ಓದಿ ಎಲ್ಲಿಗೋ ಕಳಿಸಿದರೆ? ಫೈರ್‌ಫಾಕ್ಸ್ ಮೊದಲು ಒಂದೇ ಫೋಲ್ಡರಿನ ಫೈಲುಗಳಿಗೆ ವಿನಾಯಿತಿ ಕೊಡುತ್ತಿತ್ತು. 2019ರಲ್ಲಿ ಬಂದ 68ನೇ ಆವೃತ್ತಿಯಿಂದ ಅದನ್ನೂ ನಿಲ್ಲಿಸಿತು.

ಸರ್ವರ್ ಮೂಲಕ ತೆರೆದರೆ ವಿಳಾಸ ಎಚ್‌ಟಿಟಿಪಿ ಆಗುತ್ತದೆ, ಈ ತಡೆ ಇರುವುದಿಲ್ಲ. ನಿಮ್ಮಲ್ಲಿ ಪೈಥಾನ್ 3 ಇದ್ದರೆ ಸರ್ವರ್ ಓಡಿಸುವುದು ಒಂದೇ ಸಾಲಿನ ಕೆಲಸ. ಫೋನಿನಲ್ಲಿ ಹೇಳಿಕೊಡುವ ಹಾಗೆ ಹೇಳುತ್ತೇನೆ. ಟರ್ಮಿನಲ್‌ನಲ್ಲಿ ನಿಮ್ಮ ಫೋಲ್ಡರಿಗೆ ಹೋಗಿ. ಪೈಥಾನ್3, ಸ್ಪೇಸ್, ಹೈಫನ್ ಎಂ, ಸ್ಪೇಸ್, ಎಚ್‌ಟಿಟಿಪಿ ಡಾಟ್ ಸರ್ವರ್, ಸ್ಪೇಸ್, 8000. ಎಂಟರ್ ಒತ್ತಿ. ವಿಂಡೋಸ್ ಆದರೆ ಶುರುವಿನಲ್ಲಿ ಪೈಥಾನ್3 ಬದಲು ಬರೀ ಪಿವೈ ಸಾಕು. ಈಗ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್, ಕೋಲನ್, 8000 ಅಂತ ಹೊಡೆಯಿರಿ. ಲೋಕಲ್‌ಹೋಸ್ಟ್ ಅಂದರೆ ನಿಮ್ಮದೇ ಯಂತ್ರ, 8000 ಅಂದರೆ ಪೋರ್ಟ್, ಸರ್ವರ್ ಕೂತಿರುವ ಬಾಗಿಲಿನ ನಂಬರ್. ನಿಲ್ಲಿಸಲು ಕಂಟ್ರೋಲ್ ಸಿ. ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಅಂದರೆ ಆ ಪೋರ್ಟಿನಲ್ಲಿ ಬೇರೇನೋ ಕೂತಿದೆ ಅಂತ, 8001 ಕೊಡಿ.

ಟರ್ಮಿನಲ್ ಕಿಟಕಿಯನ್ನು ಮಿನಿಮೈಸ್ ಮಾಡಿಬಿಡಬೇಡಿ. ನನಗೆ ಈ ಸರ್ವರಿನಲ್ಲಿ ಜಾಸ್ತಿ ಇಷ್ಟವಾಗುವುದೇ ಆ ಕಿಟಕಿ. ಬ್ರೌಸರ್ ಏನೇನು ಕೇಳಿತು ಅಂತ ಒಂದೊಂದು ಸಾಲು ಬೀಳುತ್ತಾ ಹೋಗುತ್ತದೆ. ಪುಟಕ್ಕೆ 200, ಸಿಎಸ್‌ಎಸ್‌ಗೆ 200, ಲೋಗೋಗೆ 404. 200 ಅಂದರೆ ಫೈಲ್ ಸಿಕ್ಕಿತು, 404 ಅಂದರೆ ಸಿಗಲಿಲ್ಲ. ಸರಿ, ಲೋಗೋ ಇರುವ ಜಾಗ ತಪ್ಪಾಗಿ ಬರೆದಿದ್ದೀರಿ. ಕೋಡನ್ನು ಮತ್ತೆ ಮತ್ತೆ ಓದುವ ಬದಲು ಆ ಸಾಲು ಓದಿದರೆ ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ.

ವಿಂಡೋಸಿನಲ್ಲಿ ಒಂದು ಕಿರಿಕಿರಿ ಉಂಟು. ಯಾವ ಫೈಲ್ ಯಾವ ಬಗೆಯದು ಅನ್ನುವುದನ್ನು ಪೈಥಾನ್ ಅಲ್ಲಿನ ರಿಜಿಸ್ಟ್ರಿಯನ್ನೂ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ಜಾಗ) ನೋಡಿ ತೀರ್ಮಾನಿಸುತ್ತದೆ. ಬೇರೆ ಯಾವುದೋ ಸಾಫ್ಟ್‌ವೇರ್ ಅದನ್ನು ಕೆಡಿಸಿಟ್ಟಿದ್ದರೆ ನಿಮ್ಮ ಜಾವಾಸ್ಕ್ರಿಪ್ಟ್ ಫೈಲು ಬ್ರೌಸರಿಗೆ ‘ಟೆಕ್ಸ್ಟ್ ಪ್ಲೇನ್’ (ಬರೀ ಪಠ್ಯ) ಅಂತ ಹೋಗುತ್ತದೆ. ಮಾಡ್ಯೂಲ್ ಆಗಿದ್ದರೆ ಬ್ರೌಸರ್ ಅದನ್ನು ಓಡಿಸುವುದೇ ಇಲ್ಲ. ಹಾಗಾದರೆ ಕುಸ್ತಿ ಮಾಡಬೇಡಿ, ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ಗೆ ಲೈವ್ ಸರ್ವರ್ ಅನ್ನೋ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ. ಅದು 5500 ಪೋರ್ಟಿನಲ್ಲಿ ಓಡುತ್ತದೆ, ಫೈಲ್ ಸೇವ್ ಮಾಡಿದ ಕೂಡಲೇ ಪುಟವನ್ನು ತಾನೇ ರಿಫ್ರೆಶ್ ಮಾಡುತ್ತದೆ. ಬದಲಾಯಿಸಿದ ಬಣ್ಣ ಕಾಣುತ್ತಿಲ್ಲ ಅಂದರೆ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬಿನಲ್ಲಿ ‘ಡಿಸೇಬಲ್ ಕ್ಯಾಶ್’ಗೆ ಟಿಕ್ ಹಾಕಿ, ಬ್ರೌಸರ್ ಉಳಿಸಿಟ್ಟ ಹಳೇ ಫೈಲನ್ನು ಬಳಸುವುದಿಲ್ಲ. ಎಫ್12 ಕಿಟಕಿ ತೆರೆದಿದ್ದಾಗ ಮಾತ್ರ ಅದು ಕೆಲಸ ಮಾಡುತ್ತದೆ.

ಇನ್ನು ಮೊಬೈಲ್. ನಿಮ್ಮ ಪುಟ ನೋಡುವವರು ಬಹುಪಾಲು ಮೊಬೈಲಿನಲ್ಲೇ ನೋಡುತ್ತಾರೆ, ಅಲ್ವಾ? ಫೋನೂ ಲ್ಯಾಪ್‌ಟಾಪೂ ಒಂದೇ ವೈಫೈನಲ್ಲಿರಲಿ. ವಿಂಡೋಸಿನಲ್ಲಿ ಐಪಿಕಾನ್ಫಿಗ್ ಅಂತ ಹೊಡೆದರೆ ಸಾಮಾನ್ಯವಾಗಿ 192.168ರಿಂದ ಶುರುವಾಗುವ ನಂಬರ್ ಸಿಗುತ್ತದೆ. ಫೋನಿನಲ್ಲಿ ಆ ನಂಬರ್, ಕೋಲನ್, 8000. ಬರಲಿಲ್ಲ ಅಂದರೆ ಹೆಚ್ಚಾಗಿ ಫೈರ್‌ವಾಲ್ ತಡೆದಿರುತ್ತದೆ. ಆದರೆ ಒಂದು ಮಾತು ನೆನಪಿರಲಿ. ಪೈಥಾನ್ ಸರ್ವರ್ ತಾನಾಗಿಯೇ ಎಲ್ಲರಿಗೂ ಬಾಗಿಲು ತೆರೆದು ಕೂರುತ್ತದೆ. ಮನೆಯಲ್ಲಿ ಪರವಾಗಿಲ್ಲ. ಪಿಜಿ ಅಥವಾ ಹಾಸ್ಟೆಲ್ ವೈಫೈ ಆದರೆ ಪಕ್ಕದ ರೂಮಿನವರೂ ನಿಮ್ಮ ಫೋಲ್ಡರಿನ ಪಟ್ಟಿ ನೋಡಬಹುದು. ಅಲ್ಲಿ ಕಮಾಂಡಿನ ಕೊನೆಗೆ ಎರಡು ಹೈಫನ್, ಬೈಂಡ್, ಸ್ಪೇಸ್, 127.0.0.1 ಸೇರಿಸಿ. ಆಗ ನಿಮ್ಮ ಯಂತ್ರದ ಹೊರಗಿನವರಿಗೆ ಅದು ಸಿಗುವುದಿಲ್ಲ.

ಹತ್ತಿರದ ಬಸ್ ಸ್ಟಾಪ್ ತೋರಿಸುವ ಪುಟ ಮಾಡಿದ್ದೀರಿ ಅಂತಿಟ್ಟುಕೊಳ್ಳಿ. ಲ್ಯಾಪ್‌ಟಾಪಿನಲ್ಲಿ ಲೊಕೇಶನ್ ಕೇಳುತ್ತದೆ, ಫೋನಿನಲ್ಲಿ ಕೇಳುವುದೇ ಇಲ್ಲ. ಕೋಡಿನಲ್ಲಿ ತಪ್ಪು ಹುಡುಕಬೇಡಿ. ಲೊಕೇಶನ್, ಕ್ಯಾಮೆರಾ, ಸರ್ವಿಸ್ ವರ್ಕರ್ (ಪುಟದ ಹಿನ್ನೆಲೆಯಲ್ಲಿ ಓಡುವ ಸ್ಕ್ರಿಪ್ಟ್) ಇವೆಲ್ಲ ಎಚ್‌ಟಿಟಿಪಿಎಸ್ ಇದ್ದರೆ ಮಾತ್ರ ನಡೆಯುತ್ತವೆ. ಲೋಕಲ್‌ಹೋಸ್ಟ್‌ಗೆ ಬ್ರೌಸರುಗಳು ರಿಯಾಯಿತಿ ಕೊಟ್ಟಿವೆ, 192.168ಕ್ಕೆ ಕೊಟ್ಟಿಲ್ಲ. ಆಂಡ್ರಾಯ್ಡ್ ಫೋನಾದರೆ ನಾನು ಮಾಡುವುದು ಇಷ್ಟೇ: ಫೋನಿನಲ್ಲಿ ಯುಎಸ್‌ಬಿ ಡಿಬಗಿಂಗ್ ಆನ್ ಮಾಡಿ ಕೇಬಲ್ ಚುಚ್ಚುತ್ತೇನೆ. ಲ್ಯಾಪ್‌ಟಾಪಿನ ಕ್ರೋಮಿನಲ್ಲಿ ಇನ್‌ಸ್ಪೆಕ್ಟ್ ಪುಟ (chrome://inspect) ತೆರೆದು, ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ 8000ವನ್ನು ಲೋಕಲ್‌ಹೋಸ್ಟ್ 8000ಕ್ಕೆ ಜೋಡಿಸುತ್ತೇನೆ. ಆಮೇಲೆ ಫೋನಿನ ಕ್ರೋಮಿನಲ್ಲೂ ಲೋಕಲ್‌ಹೋಸ್ಟ್, ಕೋಲನ್, 8000 ಅಂತಲೇ ಹೊಡೆದರೆ ಆಯ್ತು, ಲೊಕೇಶನ್ ಕೇಳುತ್ತದೆ. ಫೋನಿನ ಪುಟದ ಕನ್ಸೋಲೂ ಲ್ಯಾಪ್‌ಟಾಪಿನಲ್ಲೇ ಕಾಣುತ್ತದೆ.

ಜ್ಯಾಂಪ್ ಬೇಕಾಗುವುದು ಸರ್ವರಿನಲ್ಲಿ ಓಡುವ ಭಾಷೆ ಪಿಎಚ್‌ಪಿ ಜೊತೆ ಡೇಟಾಬೇಸೂ ಬೇಕಾದಾಗ, ಉದಾಹರಣೆಗೆ ವರ್ಡ್‌ಪ್ರೆಸ್‌ಗೆ. ಆಗ ಟೇಬಲ್‌ಗಳನ್ನು ಯುಟಿಎಫ್8ಎಂಬಿ4 (ಎಲ್ಲ ಲಿಪಿಗಳ ಅಕ್ಷರ ಉಳಿಸುವ ಬಗೆ) ಅಂತಲೇ ಮಾಡಿ, ಇಲ್ಲದಿದ್ದರೆ ಕನ್ನಡ ಹಾಕಿದ ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬರಬಹುದು. ಬರೀ ಪಿಎಚ್‌ಪಿ ಸಾಕು ಅಂದರೆ 5.4ನೇ ಆವೃತ್ತಿಯಿಂದ ಅದರೊಳಗೇ ಒಂದು ಸರ್ವರ್ ಇದೆ. ನೋಡ್ ಬೇಕಾಗುವುದು ರಿಯಾಕ್ಟ್ ಥರದ ಜಾವಾಸ್ಕ್ರಿಪ್ಟ್ ಲೈಬ್ರರಿ ಶುರು ಮಾಡಿದಾಗ. ಅಲ್ಲಿ ವೀಟ್ ಅನ್ನುವ ಸಾಧನ ತನ್ನದೇ ಸರ್ವರನ್ನು 5173ರಲ್ಲಿ ಓಡಿಸುತ್ತದೆ, ನೀವು ಏನೂ ಆರಿಸಬೇಕಿಲ್ಲ.

ಪ್ರೋಟೋಟೈಪನ್ನು ಬೇರೆಯವರಿಗೆ ತೋರಿಸಬೇಕಾದಾಗ ನಿಮ್ಮ ಲ್ಯಾಪ್‌ಟಾಪಿನ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆಯಲು ಹೋಗಬೇಡಿ. ಈ ಪೈಥಾನ್ ಸರ್ವರ್ ಅದಕ್ಕಲ್ಲ ಅಂತ ಅದರ ಕೈಪಿಡಿಯೇ ಎಚ್ಚರಿಸುತ್ತದೆ. ಬರೀ ಎಚ್‌ಟಿಎಂಎಲ್ ಪುಟಗಳಾದರೆ ಗಿಟ್‌ಹಬ್ ಪೇಜಸ್ ಅನ್ನುವ ಸೇವೆಗೆ ಹಾಕಿ, ದುಡ್ಡಿಲ್ಲದೆ ಎಚ್‌ಟಿಟಿಪಿಎಸ್ ಸಮೇತ ವಿಳಾಸ ಸಿಗುತ್ತದೆ. ಅಲ್ಲಿ ಏರಿಸಿದ ಮೇಲೆ ಏನಾದರೂ ಮಾಯವಾದರೆ ಎರಡು ಕಡೆ ನೋಡಿ. ಒಂದು, ಫೈಲಿನ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ. ವಿಂಡೋಸ್ ಎರಡೂ ಒಂದೇ ಅನ್ನುತ್ತದೆ, ಅಲ್ಲಿ ಬೇರೆ ಬೇರೆ. ಇನ್ನೊಂದು, ಸ್ಲ್ಯಾಶ್‌ನಿಂದ ಶುರುವಾಗುವ ದಾರಿಗಳು. ಲೋಕಲ್‌ಹೋಸ್ಟ್‌ನಲ್ಲಿ ಆ ಸ್ಲ್ಯಾಶ್ ಅಂದರೆ ನಿಮ್ಮ ಫೋಲ್ಡರೇ. ಗಿಟ್‌ಹಬ್ ಪೇಜಸ್‌ನಲ್ಲಿ ನಿಮ್ಮ ಪ್ರಾಜೆಕ್ಟ್ ಸಾಮಾನ್ಯವಾಗಿ ಒಂದು ಹಂತ ಒಳಗಿರುತ್ತದೆ, ಹಾಗಾಗಿ ಸಿಎಸ್‌ಎಸ್ ಸಿಗದೆ ಪುಟ ಬೋಳಾಗಿ ಕಾಣುತ್ತದೆ. ಮುಂದಿನ ಸ್ಲ್ಯಾಶ್ ತೆಗೆದು ಮತ್ತೆ ಏರಿಸಿ.