ರೋಗಾಣುಗಳು ಬಿಳಿ ರಕ್ತಕಣಕ್ಕೇ ಹೋಗಿ ಅಂಟಿಕೊಳ್ಳುವುದು ಯಾಕೆ?

"ಬಿಳಿ ರಕ್ತಕಣ ಬ್ಯಾಕ್ಟೀರಿಯಾವನ್ನು ನುಂಗುತ್ತದೆ ಅಂತಾರೆ. ಮತ್ತೆ ಕೆಲವು ರೋಗಾಣುಗಳು ತಾವೇ ಹೋಗಿ ಅದಕ್ಕೆ ಅಂಟಿಕೊಳ್ಳುವುದು ಯಾಕೆ?" ಎಂದು ಕೇಳಿದ್ದೀರಿ. ನಾನು ಮುಂಬೈಯ ಒಂದು ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಸ್ಲೈಡಿನಲ್ಲಿ ಕಂಡದ್ದರಿಂದಲೇ ಶುರು ಮಾಡುತ್ತೇನೆ.

ಗೊನೊರಿಯಾ ಎಂಬ ಲೈಂಗಿಕ ರೋಗ ಇರುವವರ ಕೀವಿಗೆ ಗ್ರಾಂ ಸ್ಟೇನ್ ಎಂಬ ಬಣ್ಣ ಹಾಕಿ, ಎಣ್ಣೆ ಬಿಟ್ಟು, ನೂರರ ಲೆನ್ಸಿನಲ್ಲಿ ನೋಡಿದರೆ ಪಸ್ ಸೆಲ್‌ಗಳು ತುಂಬಿರುತ್ತವೆ. ಪಸ್ ಸೆಲ್ ಅಂದರೆ ಬಿಳಿ ರಕ್ತಕಣವೇ, ಜಾಸ್ತಿ ನ್ಯೂಟ್ರೋಫಿಲ್ ಎಂಬ ಬಗೆಯವು. ಹತ್ತಾರು ಕಣಗಳು ಖಾಲಿ. ನಡುವೆ ಯಾವುದೋ ಒಂದರ ಒಳಗೆ ಮಾತ್ರ ಗುಲಾಬಿ ಚುಕ್ಕೆಗಳು, ಜೋಡಿ ಜೋಡಿ. ಎರಡು ಅಲಸಂದೆ ಕಾಳುಗಳನ್ನು ಎದುರುಬದುರು ಇಟ್ಟ ಹಾಗೆ. ಮೊದಲ ಸಲ ನೋಡಿದಾಗ ಲೆನ್ಸಿನಿಂದ ಕಣ್ಣು ತೆಗೆಯಲು ಮನಸ್ಸೇ ಬರಲಿಲ್ಲ.

ಸಾಮಾನ್ಯವಾಗಿ ಹಿಡಿಯುವ ಕೆಲಸ ಕಣದ್ದು. ರಕ್ತದಲ್ಲಿರುವ ಆಂಟಿಬಾಡಿ ಮತ್ತು ಕಾಂಪ್ಲಿಮೆಂಟ್ ಪ್ರೋಟೀನುಗಳು ಬ್ಯಾಕ್ಟೀರಿಯಾದ ಮೈಗೆ ಮೆತ್ತಿಕೊಳ್ಳುತ್ತವೆ. ಕಣದ ಮೇಲಿನ ರಿಸೆಪ್ಟರ್‌ಗಳು, ಅಂದರೆ ಹೊರಗಿನದನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳು, ಅದನ್ನೇ ಹಿಡಿಕೆ ಮಾಡಿಕೊಂಡು ಒಳಗೆ ಎಳೆದುಕೊಳ್ಳುತ್ತವೆ. ಗೊನೊರಿಯಾ ರೋಗಾಣುವಿನ ವಿಷಯದಲ್ಲಿ ಈ ಹಿಡಿಕೆ ಇಲ್ಲದೆಯೂ ಕೆಲಸ ನಡೆಯುತ್ತದೆ. ಅದರ ಮೈಮೇಲೆ 'ಓಪಾ' ಎಂಬ ಪ್ರೋಟೀನು ಇದೆ. ನಮ್ಮ ದೇಹದ ಒಳಪದರದ ಕೋಶಗಳ ಮೇಲಿನ ಸಿಯಕ್ಯಾಮ್ ಎಂಬ ರಿಸೆಪ್ಟರ್‌ಗಳನ್ನು ಹಿಡಿದು ಕೂರಲು ಅದು ಬೇಕು. ಆದರೆ ನ್ಯೂಟ್ರೋಫಿಲ್ ಮೇಲೆ ಅದೇ ಕುಟುಂಬದ ಸಿಯಕ್ಯಾಮ್-3 ಎಂಬ ರಿಸೆಪ್ಟರ್ ಇದೆ. ಓಪಾ ಅದಕ್ಕೂ ಅಂಟಿತು ಅಂದರೆ ಕಣ ತಕ್ಷಣ ನುಂಗಿಬಿಡುತ್ತದೆ. ಇಲ್ಲಿ ಅಂಟಿದ್ದು ರೋಗಾಣುವಿಗೇ ನಷ್ಟ. ಆದರೂ ಕೆಲವು ಒಳಗೇ ಬದುಕಿ ಉಳಿಯುತ್ತವೆ.

ಪ್ಲೇಗಿನ ಕತೆ ಇದಕ್ಕೆ ತೀರಾ ಉಲ್ಟಾ. 1896ರಲ್ಲಿ ಮುಂಬೈಗೆ ಬಂದ ಅದೇ ಪ್ಲೇಗು. ವಿಜ್ಞಾನಿ ಹಾಫ್ಕಿನ್ ಇಲ್ಲಿಯೇ ಅದಕ್ಕೆ ಲಸಿಕೆ ಮಾಡಿ, 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡರು. ಪರೇಲಿನಲ್ಲಿ ಅವರ ಹೆಸರಿನ ಸಂಸ್ಥೆ ಇವತ್ತಿಗೂ ಇದೆ. ಪ್ಲೇಗಿನ ಬ್ಯಾಕ್ಟೀರಿಯಾಕ್ಕೆ ಟೊಳ್ಳು ಸೂಜಿಯಂಥ ಒಂದು ಅಂಗ ಇದೆ. ಸೂಜಿಯ ತುದಿಯ ಪ್ರೋಟೀನು ಬಿಳಿ ಕಣದ ಎಫ್‌ಪಿಆರ್1 ರಿಸೆಪ್ಟರನ್ನು ಹಿಡಿಯುತ್ತದೆ ಎಂದು 2019ರಲ್ಲಿ ಗೊತ್ತಾಯಿತು. ಆ ರಿಸೆಪ್ಟರ್ ಇರುವುದು ಯಾತಕ್ಕೆ ಗೊತ್ತಾ? ಬ್ಯಾಕ್ಟೀರಿಯಾ ಎಲ್ಲಿದೆ ಅಂತ ವಾಸನೆ ಹಿಡಿಯಲು! ಕಾವಲುಗಾರನ ಮೂಗನ್ನೇ ಹಿಡಿದ ಹಾಗಾಯಿತು, ಅಲ್ವಾ? ಹಿಡಿದ ಮೇಲೆ ಸೂಜಿಯಿಂದ ವಿಷದ ಪ್ರೋಟೀನುಗಳು ಕಣದೊಳಗೆ ಇಳಿಯುತ್ತವೆ. ಕಣಕ್ಕೆ ನುಂಗುವ ಶಕ್ತಿಯೇ ಹೋಗುತ್ತದೆ. ನುಂಗುವವನನ್ನು ಮೊದಲು ಮುಗಿಸಲೆಂದೇ ಅದು ಬಂದು ಅಂಟುವುದು.

ಟಿಬಿ ರೋಗಾಣು ಇಷ್ಟು ಗಲಾಟೆ ಮಾಡುವುದಿಲ್ಲ. ಶ್ವಾಸಕೋಶದ ಮ್ಯಾಕ್ರೊಫೇಜ್ ಎಂಬ ದೊಡ್ಡ ಕಣದ ಕಾಂಪ್ಲಿಮೆಂಟ್ ರಿಸೆಪ್ಟರನ್ನೋ ಮ್ಯಾನೋಸ್ ರಿಸೆಪ್ಟರನ್ನೋ ಹಿಡಿದು, ಸುಮ್ನೆ ನುಂಗಿಸಿಕೊಳ್ಳುತ್ತದೆ. ನುಂಗಿದ್ದನ್ನು ಜೀರ್ಣ ಮಾಡುವ ಲೈಸೊಸೋಮ್ ಎಂಬ ಚೀಲ ಹತ್ತಿರ ಬಂದು ಕೂಡಿಕೊಳ್ಳದ ಹಾಗೆ ತಡೆಯುತ್ತದೆ. ಆಮೇಲೆ ಅಲ್ಲೇ ವರ್ಷಗಟ್ಟಲೆ ವಾಸ.

ನಿಮ್ಮ ಕಾಲೇಜಿನಲ್ಲಿ ಒಳ್ಳೆಯ ಮೈಕ್ರೋಸ್ಕೋಪ್ ಇದ್ದರೆ, ಸ್ಟೇನ್ ಮಾಡಿಟ್ಟ ಗೊನೊಕಾಕಸ್ (ಗೊನೊರಿಯಾ ರೋಗಾಣು) ಸ್ಲೈಡ್ ತೋರಿಸಿ ಎಂದು ಮೇಷ್ಟ್ರನ್ನು ಕೇಳಿ. ಖಾಲಿ ಕಣಗಳನ್ನು ಬೇಗ ದಾಟಿ ಹೋಗಿ, ಆ ಜೋಡಿ ಕಾಳು ಸಿಗುವವರೆಗೆ ಹುಡುಕಿ.